ಮಗಳಿಗೊಂದು ಪತ್ರ: ಸಿಪಾಯಿಗಳು ತಿರುಗಿ ನಿಂತಾಗ

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ನೀನು ಕೇಳಿದ ಪ್ರಶ್ನೆ ಚೆನ್ನಾಗಿತ್ತು. 1905ರಲ್ಲಿ ಜನರ ಮೇಲೆ ಗುಂಡು ಹಾರಿಸಿದ ರಷ್ಯಾದ ಸೈನ್ಯ 1917ರಲ್ಲಿ ಯಾಕೆ ಹಾರಿಸಲಿಲ್ಲ? ನಿನ್ನ ಗೈಡಿನಲ್ಲಿ ರಾಜಕೀಯ ಕಾರಣ, ಆರ್ಥಿಕ ಕಾರಣ, ಸಾಮಾಜಿಕ ಕಾರಣ ಅಂತ ಸಾಲಾಗಿ ಕೊಟ್ಟಿರುತ್ತಾರೆ. ಪರೀಕ್ಷೆಗೆ ಅಷ್ಟು ಸಾಕು. ನಿನ್ನ ಪ್ರಶ್ನೆಗೆ ಮಾತ್ರ ಅದರಲ್ಲಿ ಉತ್ತರ ಇಲ್ಲ.

ಮೊದಲು ಒಂದು ಸಣ್ಣ ತಿದ್ದುಪಡಿ. 1917ರಲ್ಲೂ ಹಾರಿಸಿದರು. ಹಾರಿಸಿದ ಮರುದಿನ ಬೆಳಿಗ್ಗೆ 'ಇನ್ನು ಆಗಲ್ಲ' ಅಂದರು. ನಡುವಿನ ಆ ಒಂದು ರಾತ್ರಿಯಲ್ಲೇ ಎಲ್ಲ ಇದೆ.

1905ರ ಜನವರಿ, ಭಾನುವಾರ. ಗಪೋನ್ ಎಂಬ ಪಾದ್ರಿಯ ಹಿಂದೆ ಸೇಂಟ್ ಪೀಟರ್ಸ್‌ಬರ್ಗ್‌ನ ಕಾರ್ಮಿಕರು ಹೆಂಡತಿ ಮಕ್ಕಳ ಜೊತೆ ಅರಮನೆಯ ಕಡೆ ಹೊರಟರು. ಕೈಯಲ್ಲಿ ದೇವರ ಪಟ, ಜೊತೆಗೆ ತ್ಸಾರ್ ನಿಕೊಲಸನ ಪಟವೂ. ದೊರೆಗೆ ಅರ್ಜಿ ಕೊಟ್ಟರೆ ಕಷ್ಟ ತೀರುತ್ತದೆ ಅಂತ ನಂಬಿದ್ದ ಜನ ಅವರು. ದೊರೆ ಅರಮನೆಯಲ್ಲಿ ಇರಲೇ ಇಲ್ಲ. ಸಿಪಾಯಿಗಳು ಇದ್ದರು. ಸರ್ಕಾರದ ಲೆಕ್ಕದಲ್ಲೇ ನೂರಕ್ಕಿಂತ ಜಾಸ್ತಿ ಜನ ಸತ್ತರು.

ಆಗಲೂ ಯುದ್ಧ ಇತ್ತು, ಜಪಾನಿನ ಜೊತೆ. ರಷ್ಯಾದ ನೌಕಾನೆಲೆ ಪೋರ್ಟ್ ಆರ್ಥರ್ ಕೈತಪ್ಪಿ ಕೆಲವೇ ವಾರ ಆಗಿತ್ತು. ಮೇ ತಿಂಗಳಲ್ಲಿ ತ್ಸುಶಿಮಾದಲ್ಲಿ ನೌಕಾಪಡೆಯೂ ಮುಳುಗಿತು. ಮುಷ್ಕರ, ಹಳ್ಳಿಗಳಲ್ಲಿ ಜಮೀನ್ದಾರರ ಮನೆಗೆ ಬೆಂಕಿ, ಪೊಟೆಮ್ಕಿನ್ ಹಡಗಿನಲ್ಲಿ ದಂಗೆ, ಎಲ್ಲ ಆಯಿತು. ಆದರೂ ತ್ಸಾರ್ ಉಳಿದುಕೊಂಡ. ಯಾಕೆ ಗೊತ್ತಾ? ಆ ಯುದ್ಧ ದೂರದ ಮಂಚೂರಿಯಾದಲ್ಲಿತ್ತು. ಅದನ್ನು ಬೇಗ ಮುಗಿಸಿಕೊಂಡರು, ಸಂಸತ್ತು ಕೊಡುತ್ತೇವೆ ಅಂತ ಮಾತು ಕೊಟ್ಟರು, ಡಿಸೆಂಬರಿನಲ್ಲಿ ಮಾಸ್ಕೋ ಕಾರ್ಮಿಕರ ದಂಗೆಯನ್ನು ಫಿರಂಗಿ ಹಚ್ಚಿ ಅಡಗಿಸಿದರು. ಅಲ್ಲಿ ಇಲ್ಲಿ ಕೆಲವು ಪಡೆಗಳು ತಿರುಗಿಬಿದ್ದರೂ ಒಟ್ಟು ಸೈನ್ಯ ಕೈಬಿಡಲಿಲ್ಲ.

ಆ ದಂಗೆಯನ್ನು ಅಡಗಿಸುವಾಗ ಗೃಹಮಂತ್ರಿಯಾಗಿದ್ದವನು ದುರ್ನೊವೊ. ಪಕ್ಕಾ ಸಂಪ್ರದಾಯವಾದಿ. 1914ರ ಫೆಬ್ರವರಿಯಲ್ಲಿ ಅವನೇ ತ್ಸಾರ್‌ಗೆ ಒಂದು ಟಿಪ್ಪಣಿ ಬರೆದ: ಜರ್ಮನಿಯ ಜೊತೆ ಯುದ್ಧ ಬೇಡ, ಸೋತರೆ ಕ್ರಾಂತಿ ತಪ್ಪಿದ್ದಲ್ಲ. ಕ್ರಾಂತಿಕಾರಿಗಳಿಗಿಂತ ಚೆನ್ನಾಗಿ ಮುಂದಿನದನ್ನು ಕಂಡವನು ಈ ಹಳೆ ಪೊಲೀಸ್ ಬುದ್ಧಿಯ ಮನುಷ್ಯ! ಆರು ತಿಂಗಳೂ ತುಂಬಲಿಲ್ಲ, ಮೊದಲ ಮಹಾಯುದ್ಧ ಶುರುವಾಯಿತು.

ಈ ಸಲ ಯುದ್ಧ ಪ್ರತಿ ಹಳ್ಳಿಗೂ ಬಂತು. ಕೊನೆಗೆ ಲೆಕ್ಕ ಹಾಕಿದರೆ ಸುಮಾರು 1.5 ಕೋಟಿ ಗಂಡಸರನ್ನು ಸೈನ್ಯಕ್ಕೆ ಎಳೆದಿದ್ದರು. ಬಹುಪಾಲು ರೈತರ ಮಕ್ಕಳು. ಮೊದಲ ತಿಂಗಳಲ್ಲೇ ಟಾನೆನ್‌ಬರ್ಗ್‌ನಲ್ಲಿ ಒಂದು ಇಡೀ ಸೈನ್ಯ ನಾಶವಾಯಿತು. ಅದರ ಸೇನಾಪತಿ ಸಾಮ್ಸೊನೊವ್ ಕಾಡಿನಲ್ಲಿ ತನಗೆ ತಾನೇ ಗುಂಡು ಹಾರಿಸಿಕೊಂಡ. 1915ರಲ್ಲಿ ಶೆಲ್ ಇಲ್ಲ, ರೈಫಲ್ ಇಲ್ಲ. ಕೆಲವು ಕಡೆ ಸಿಪಾಯಿಗಳು ಬರಿಗೈಯಲ್ಲಿ ನಿಂತು, ಮುಂದಿನವನು ಬಿದ್ದರೆ ಅವನ ಬಂದೂಕು ಎತ್ತಿಕೊಳ್ಳಬೇಕಿತ್ತು. ರಷ್ಯಾದ ಕೈಯಲ್ಲಿದ್ದ ಪೋಲೆಂಡ್ ಪೂರ್ತಿ ಹೋಯಿತು. ಆಗ ನಿಕೊಲಸ್ ತಾನೇ ಮಹಾದಂಡನಾಯಕನಾಗಿ ಸೇನಾ ಕೇಂದ್ರವಿದ್ದ ಮೊಗಿಲೆವ್‌ಗೆ ಹೋಗಿ ಕೂತ. ನನ್ನ ಪ್ರಕಾರ ಅವನು ಮಾಡಿದ ಅತಿ ದೊಡ್ಡ ದಡ್ಡತನ ಇದು. ಅಲ್ಲಿಯವರೆಗೆ ಸೋಲಿನ ಬೈಗುಳ ಜನರಲ್‌ಗಳಿಗೆ ಹೋಗುತ್ತಿತ್ತು, ಆಮೇಲೆ ನೇರ ಅವನಿಗೇ. ಇತ್ತ ರಾಜಧಾನಿಯಲ್ಲಿ ರಾಣಿ, ಅವಳು ನಂಬಿದ್ದ ಸಾಧು ರಾಸ್ಪುಟಿನ್. ರಾಸ್ಪುಟಿನ್ ಕಥೆ ನಿನಗೆ ಇಷ್ಟ ಅಂತ ಗೊತ್ತು, ಆದರೆ ಅವನಿಲ್ಲದಿದ್ದರೂ ಇದು ಆಗುತ್ತಿತ್ತು ಅಂತಲೇ ನನ್ನ ಅಭಿಪ್ರಾಯ.

ನಿಜವಾದ ಕಥೆ ಇರುವುದು ಬ್ರೆಡ್ಡಿನಲ್ಲಿ. ರಷ್ಯಾದಲ್ಲಿ ಗೋಧಿ, ರೈ ಬೆಳೆಯಲಿಲ್ಲ ಅಂತಲ್ಲ, ಬೆಳೆದಿತ್ತು. ಆದರೆ ಕಾರ್ಖಾನೆಗಳೆಲ್ಲ ಶೆಲ್ ಮಾಡುತ್ತಿದ್ದವು. ನೇಗಿಲಿಲ್ಲ, ಮೊಳೆ ಇಲ್ಲ, ಬಟ್ಟೆ ಇಲ್ಲ. ಧಾನ್ಯ ಮಾರಿ ಬಂದ ರೂಬಲ್‌ನಿಂದ ರೈತ ಏನು ಕೊಳ್ಳಬೇಕು? ರೂಬಲ್‌ಗೂ ಬೆಲೆ ಇರಲಿಲ್ಲ. ಯುದ್ಧದ ಶುರುವಿನಲ್ಲೇ ವೋಡ್ಕಾ ನಿಷೇಧ ಮಾಡಿದ್ದರು. ಸರ್ಕಾರದ ವರಮಾನದಲ್ಲಿ ಸುಮಾರು ಕಾಲು ಭಾಗ ಬರುತ್ತಿದ್ದದ್ದೇ ಅದರಿಂದ! ಆ ಹಣ ನಿಂತಿತು, ನೋಟು ಅಚ್ಚು ಹಾಕುತ್ತಾ ಹೋದರು. ರೈತ ಧಾನ್ಯವನ್ನು ಕಣಜದಲ್ಲೇ ಇಟ್ಟುಕೊಂಡ. ಪೇಟೆಗೆ ಬರಬೇಕಾದ ಅಷ್ಟಿಷ್ಟನ್ನು ತರುವುದಕ್ಕೆ ರೈಲಿಲ್ಲ. ರೈಲೆಲ್ಲ ಯುದ್ಧದ ಕೆಲಸಕ್ಕೆ.

ಹೀಗೆ ಪೆಟ್ರೊಗ್ರಾಡ್‌ನಲ್ಲಿ ಕ್ಯೂ ಹುಟ್ಟಿತು. (ಯುದ್ಧ ಶುರುವಾದಾಗ ಸೇಂಟ್ ಪೀಟರ್ಸ್‌ಬರ್ಗ್‌ನ ಹೆಸರೂ ಹೀಗೆ ಬದಲಾಯಿತು, ಹಳೆಯದು ಜರ್ಮನ್ ಥರ ಕೇಳುತ್ತದೆ ಅಂತ.) ಕಾರ್ಖಾನೆಯಲ್ಲಿ ದಿನವಿಡೀ ದುಡಿದ ಹೆಂಗಸರು ಆ ಚಳಿಯಲ್ಲಿ ಬೇಕರಿಯ ಮುಂದೆ ಗಂಟೆಗಟ್ಟಲೆ ನಿಲ್ಲಬೇಕಿತ್ತು. ನಾನು ಚಿಕ್ಕವಳಿದ್ದಾಗ ಸೀಮೆಎಣ್ಣೆ ಕ್ಯೂನಲ್ಲಿ ನಿಂತವಳು. ಕ್ಯಾನು ಹಿಡಿದು ನಿಂತವರಿಗೆ ಮಾತು ಬಿಟ್ಟರೆ ಬೇರೆ ಕೆಲಸ ಏನಿರುತ್ತೆ ಹೇಳು? ಯಾರ ಗಂಡ ಸತ್ತ, ಯಾರ ಕಾಗದ ಬಂದಿಲ್ಲ, ರಾಣಿ ಜರ್ಮನ್ನರ ಕಡೆಯವಳಂತೆ... ಆ ಕ್ಯೂಗಳು ಹೊತ್ತಿಕೊಳ್ಳಲು ಒಂದು ಕಿಡಿ ಸಾಕು ಅಂತ ಗುಪ್ತ ಪೊಲೀಸರೇ 1917ರ ಜನವರಿಯಲ್ಲಿ ವರದಿ ಕೊಟ್ಟಿದ್ದರು.

ಫೆಬ್ರವರಿ 23, ಮಹಿಳಾ ದಿನ. ರಷ್ಯಾದ ಹಳೆ ಕ್ಯಾಲೆಂಡರ್ 13 ದಿನ ಹಿಂದಿತ್ತು, ಹಾಗಾಗಿ ನಮ್ಮ ಲೆಕ್ಕಕ್ಕೆ ಅದು ಮಾರ್ಚ್ 8. (ಮುಂದೆ ಬರುವ ತಾರೀಖುಗಳೂ ಹಳೆ ಲೆಕ್ಕದವೇ.) ಆ ದಿನ ಕಾಲೇಜಿನಲ್ಲಿ ನಿಮಗೆ ಗುಲಾಬಿ ಕೊಡುತ್ತಾರಲ್ಲ, ಅದೇ. ಅವತ್ತು ವೈಬೊರ್ಗ್ ಪೇಟೆಯ ಬಟ್ಟೆ ಗಿರಣಿಗಳ ಹೆಂಗಸರು ಕೆಲಸ ಬಿಟ್ಟು ಹೊರಬಂದರು. ಮುಷ್ಕರ ಇವತ್ತೇ ಬೇಡ ಅಂತ ಕ್ರಾಂತಿಕಾರಿ ಪಕ್ಷದವರು ಹೇಳಿದ್ದರು. ಇವರು ಕೇಳಲಿಲ್ಲ. ಪಕ್ಕದ ಲೋಹದ ಕಾರ್ಖಾನೆಗಳ ಕಿಟಕಿಗೆ ಹಿಮದ ಉಂಡೆ ಎಸೆದು 'ಬನ್ರೋ ಹೊರಗೆ' ಅಂತ ಗಂಡಸರನ್ನು ಎಬ್ಬಿಸಿದರು. ಪೊಲೀಸರು ಸೇತುವೆ ಕಟ್ಟಿದರು. ನೆವಾ ನದಿ ಹೆಪ್ಪುಗಟ್ಟಿತ್ತು, ಜನ ಅದರ ಮೇಲೇ ನಡೆದು ನಡುಪೇಟೆಗೆ ಬಂದರು. ಮೂರನೇ ದಿನಕ್ಕೆ ಮುಷ್ಕರಕ್ಕೆ ಇಳಿದವರು ಎರಡು ಲಕ್ಷ ದಾಟಿದರು. ಆ ದಿನವೇ ರಾಣಿ ಗಂಡನಿಗೆ ಬರೆಯುತ್ತಾಳೆ: ಇವೆಲ್ಲ ಪುಂಡರ ಆಟ, ಚಳಿ ಜೋರಾಗಿದ್ದರೆ ಮನೆಯಲ್ಲೇ ಇರುತ್ತಿದ್ದರು. ಅವನು ಮೊಗಿಲೆವ್‌ನಿಂದ ತಂತಿ ಕಳಿಸಿದ: ನಾಳೆಯೇ ಗಲಾಟೆ ನಿಲ್ಲಿಸಿ.

ಈಗ ನಿನ್ನ ಪ್ರಶ್ನೆಗೆ ಬಾ. ಗಲಾಟೆ ನಿಲ್ಲಿಸಬೇಕಾದವರು ಯಾರು? ನುರಿತ ಹಳೆಯ ಸಿಪಾಯಿಗಳು ಬಹುಪಾಲು ಯುದ್ಧದಲ್ಲಿ ಸತ್ತಿದ್ದರು, ಉಳಿದವರು ಗಡಿಯಲ್ಲಿದ್ದರು. ರಾಜಧಾನಿಯ ಬ್ಯಾರಕ್‌ಗಳಲ್ಲಿ ಇದ್ದವರು ತರಬೇತಿಗೆ ತಂದ ಹೊಸಬರು, ವಯಸ್ಸಾದವರು, ಗಾಯ ಮಾಯುತ್ತಿದ್ದವರು. ಒಂದೂವರೆ ಲಕ್ಷಕ್ಕೂ ಜಾಸ್ತಿ ಜನರನ್ನು ಕುರಿಗಳ ಥರ ತುಂಬಿದ್ದರು. ಎಲ್ಲರಿಗೂ ಒಂದೇ ಭಯ, ನಾಳೆ ನಮ್ಮನ್ನೂ ಗಡಿಗೆ ಕಳಿಸುತ್ತಾರೆ. ಕ್ಯೂನಲ್ಲಿ ನಿಂತ ಹೆಂಗಸು ಬೇರೆ, ಬಂದೂಕು ಹಿಡಿದ ಸಿಪಾಯಿ ಬೇರೆ ಅನ್ನುವ ಹಾಗೇ ಇರಲಿಲ್ಲ.

26, ಭಾನುವಾರ. ಜ್ನಾಮೆನ್ಸ್ಕಾಯಾ ಚೌಕದಲ್ಲಿ ವೊಲಿನ್‌ಸ್ಕಿ ರೆಜಿಮೆಂಟಿನ ತುಕಡಿ ಆಜ್ಞೆಯಂತೆ ಗುಂಡು ಹಾರಿಸಿತು. ಹೆಣಗಳು ಬಿದ್ದವು. ರಾತ್ರಿ ಬ್ಯಾರಕ್‌ನಲ್ಲಿ ಅವರು ಮಾತಾಡಿಕೊಂಡರು. ಕಿರ್ಪಿಚ್ನಿಕೊವ್ ಅನ್ನುವ ಒಬ್ಬ ಸಾರ್ಜೆಂಟ್ ಮುಂದಾಗಿ, ಇನ್ನು ಜನರ ಮೇಲೆ ಹಾರಿಸುವುದಿಲ್ಲ ಅಂತ ತೀರ್ಮಾನ ಮಾಡಿಸಿದ. ಬೆಳಿಗ್ಗೆ ಬಂದ ಕ್ಯಾಪ್ಟನ್‌ನನ್ನು ಅಲ್ಲೇ ಕೊಂದರು. ಕೊಂದ ಮೇಲೆ ಹಿಂದೆ ಹೋಗುವ ದಾರಿ ಇಲ್ಲ. ಇನ್ನು ಉಳಿಯಬೇಕೆಂದರೆ ಉಳಿದ ರೆಜಿಮೆಂಟ್‌ಗಳೂ ಬರಬೇಕು. ಒಂದೊಂದೇ ಬ್ಯಾರಕ್‌ಗೆ ಹೋಗಿ ಕರೆದರು. ಸಂಜೆಯ ಹೊತ್ತಿಗೆ ರಾಜಧಾನಿಯಲ್ಲಿ ತ್ಸಾರ್‌ಗೆ ಸೈನ್ಯವೇ ಇರಲಿಲ್ಲ. ಮಾರ್ಚ್ 2ರಂದು, ಪ್ಸ್ಕೊವ್‌ನಲ್ಲಿ, ರೈಲು ಬೋಗಿಯೊಳಗೆ ಕೂತು ಅವನು ರಾಜೀನಾಮೆಗೆ ಸಹಿ ಹಾಕಿದ. ಇಳಿಯುವುದೇ ಒಳ್ಳೆಯದು ಅಂತ ತಂತಿ ಕಳಿಸಿದವರು ಅವನ ಜನರಲ್‌ಗಳೇ.

ಆಮೇಲಿನದು ಬೇಗ ಹೇಳಿಬಿಡುತ್ತೇನೆ. ಹೊಸ ತಾತ್ಕಾಲಿಕ ಸರ್ಕಾರ ಮಾತಾಡುವ ಸ್ವಾತಂತ್ರ್ಯ ಕೊಟ್ಟಿತು, ಆದರೆ ಯುದ್ಧ ನಿಲ್ಲಿಸಲಿಲ್ಲ. ಜೂನ್‌ನಲ್ಲಿ ಅದರ ಯುದ್ಧಮಂತ್ರಿ ಕೆರೆನ್‌ಸ್ಕಿ ಸೈನ್ಯವನ್ನು ಮತ್ತೆ ದಾಳಿಗೆ ಕಳಿಸಿದ, ಅದು ಕುಸಿಯಿತು. ಅತ್ತ ಊರಲ್ಲಿ ಜಮೀನು ಹಂಚಿಕೊಳ್ಳುತ್ತಿದ್ದಾರೆ ಅಂತ ಸುದ್ದಿ, ಇತ್ತ ಕಂದಕದಲ್ಲಿ ಸಾಯಬೇಕು. ಯಾರು ನಿಲ್ಲುತ್ತಾರೆ? ಸಿಪಾಯಿಗಳು ಊರಿನ ದಾರಿ ಹಿಡಿದರು. ಶಾಂತಿ, ಭೂಮಿ, ಬ್ರೆಡ್ ಅಂತ ಲೆನಿನ್‌ನ ಬೊಲ್ಶೆವಿಕ್ ಪಕ್ಷ ಹೇಳಿತು. ಅಕ್ಟೋಬರ್ 25ರಂದು ಅಧಿಕಾರ ಹಿಡಿದು, ಮರುದಿನವೇ ಶಾಂತಿಗೆ ಒಂದು, ಭೂಮಿಗೆ ಒಂದು ಆದೇಶ ಹೊರಡಿಸಿತು.

ಇದನ್ನು ಕೇಳಿ ನೀನು ಕುಣಿಯಬೇಡ. 1918ರ ಜನವರಿ 5ರಂದು, ಜನ ಓಟು ಹಾಕಿ ಆರಿಸಿದ ಸಂವಿಧಾನ ಸಭೆಯ ಪರವಾಗಿ ಅದೇ ಊರಿನಲ್ಲಿ ಮೆರವಣಿಗೆ ಹೊರಟಿತು. ಅದರಲ್ಲೂ ಕಾರ್ಮಿಕರಿದ್ದರು. ಅವರ ಮೇಲೆ ಗುಂಡು ಹಾರಿತು, ಈ ಸಲ ಹಾರಿಸಿದವರು ಬೊಲ್ಶೆವಿಕರ ಕಡೆಯವರು. ಆ ಸಭೆ ನಡೆದದ್ದು ಒಂದೇ ಸಲ. ಇದನ್ನು ಹೇಳಿದರೆ ನಿನ್ನ ಅಪ್ಪ 'ಅಂತರ್ಯುದ್ಧ ಇತ್ತು, ಅನಿವಾರ್ಯ' ಅಂತ ಶುರು ಮಾಡುತ್ತಾರೆ. ರಜಕ್ಕೆ ಬಾ, ಮೂವರೂ ಕೂತು ಜಗಳ ಆಡೋಣ.

ನಿನ್ನ,
ಅಮ್ಮ