ಆರಾಮ್ ಅಂದಿದ್ದು ಸುಳ್ಳು

ಅಬರ್ಡೀನ್, ಜನವರಿ 12

ಪ್ರೀತಿಯ ಅಕ್ಕ,

ಫೋನಿನಲ್ಲಿ ನೀನು "ಹೇಗಿದ್ದೀಯೇ" ಅಂದರೆ ನಾನು "ಆರಾಮ್" ಅನ್ನುತ್ತೇನೆ. ನಾನು ಕೇಳಿದರೆ ನೀನೂ ಅದನ್ನೇ ಅನ್ನುತ್ತೀಯ. ಇಬ್ಬರದ್ದೂ ಸುಳ್ಳು. ಅದಕ್ಕೇ ಈ ಕಾಗದ. ಫೋನಾದರೆ ನೀನು ನಡುವೆ ಬಾಯಿ ಹಾಕಿ ಲಕ್ಕಿ ಸೊಪ್ಪಿನ ಸ್ನಾನದ ಮಾತು ತೆಗೆದುಬಿಡುತ್ತೀಯ.

ನನ್ನ ಎಡ ಭುಜ ಹಿಡಿದುಕೊಂಡು ನಾಲ್ಕು ತಿಂಗಳಾಯಿತು. ಮಲಗಿದ್ದು ಸರಿಯಾಗಿಲ್ಲವೇನೋ ಅಂತ ಸುಮ್ನಿದ್ದೆ. ಆಮೇಲೆ ಜಡೆ ಹಾಕಲು ಕೈ ಹಿಂದಕ್ಕೆ ಹೋಗಲಿಲ್ಲ. ಕೋಟಿನ ತೋಳಿಗೆ ಕೈ ತೂರಿಸಲು ಇವರನ್ನು ಕರೆಯಬೇಕು. ಡಾಕ್ಟರು 'ಫ್ರೋಜನ್ ಶೋಲ್ಡರ್', ಅಂದರೆ ಹೆಪ್ಪುಗಟ್ಟಿದ ಭುಜ ಅಂದರು. ಇಲ್ಲಿ ಬೆಳಕಾಗುವುದು ಎಂಟೂವರೆಗೆ, ನಾಲ್ಕಕ್ಕೆಲ್ಲ ಕತ್ತಲು, ಅಂಗಳದ ನಲ್ಲಿಯೂ ಗಟ್ಟಿ. ಭುಜ ಒಂದು ಯಾಕೆ ಬಾಕಿ ಇರಬೇಕು, ಅಲ್ವಾ? ಕೀಲಿನ ಸುತ್ತಲಿನ ಪೊರೆ ಬಿಗಿದುಕೊಳ್ಳುತ್ತದಂತೆ. 40ರಿಂದ 60ರ ಹೆಂಗಸರಿಗೆ ಜಾಸ್ತಿ. ತಾನಾಗೇ ಬಿಡುತ್ತದೆ, ಆದರೆ ಒಂದರಿಂದ ಮೂರು ವರ್ಷ ಹಿಡಿಯಬಹುದು.

ವ್ಯಾಯಾಮ ಏನು ಗೊತ್ತಾ? ಬೆರಳುಗಳನ್ನು ಜೇಡದ ಹಾಗೆ ಗೋಡೆ ಮೇಲೆ ಹತ್ತಿಸಬೇಕು. ನಾನು ಅಡುಗೆಮನೆ ಬಾಗಿಲ ಚೌಕಟ್ಟಿನ ಹತ್ತಿರ ಮಾಡುತ್ತೇನೆ. ಮಗನ ಎತ್ತರಕ್ಕೆ ಪ್ರತಿ ವರ್ಷ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೆವಲ್ಲ, ಅಲ್ಲೇ. ಮೊದಲ ದಿನ ಅವನ 7ನೇ ವರ್ಷದ ಗೆರೆಗೆ ಕೈ ನಿಂತಿತು, ಕಣ್ಣಲ್ಲಿ ನೀರು. ನಿನ್ನೆ 9ನೇ ವರ್ಷದ್ದು ಮುಟ್ಟಿದೆ. ಕೊನೆಯ ಗೆರೆ 17ರದ್ದು. ಅಲ್ಲಿಗೆ ಯಾವಾಗ ಮುಟ್ಟುತ್ತೇನೋ!

ಇನ್ನೊಂದು ಮುಚ್ಚಿಟ್ಟಿದ್ದೆ. 50 ತುಂಬಿದವರಿಗೆ ಸ್ಕಾಟ್ಲೆಂಡ್ ಸರ್ಕಾರದ ಉಡುಗೊರೆ ಪೋಸ್ಟಿನಲ್ಲಿ ಬರುತ್ತದೆ: ಒಂದು ಪುಟ್ಟ ಕೊಳವೆ, ಅದರೊಳಗೊಂದು ಕಡ್ಡಿ. ಕಡ್ಡಿಗೆ ಚೂರೇ ಚೂರು ಮಲ ಅಂಟಿಸಿ, ಲಕೋಟೆಗೆ ಹಾಕಿ ವಾಪಸ್ ಪೋಸ್ಟ್ ಮಾಡಬೇಕು! ದೊಡ್ಡ ಕರುಳಿನ ಕ್ಯಾನ್ಸರ್ ಪರೀಕ್ಷೆ, 74ರವರೆಗೆ ಎರಡು ವರ್ಷಕ್ಕೊಮ್ಮೆ. ಕಣ್ಣಿಗೆ ಕಾಣದ ರಕ್ತ ಇದೆಯಾ ಅಂತ ನೋಡುತ್ತಾರೆ. ನಾನು ಮಡಿ ಹೆಂಗಸಲ್ಲ, ಆದರೂ ಮೂರು ವಾರ ಅದನ್ನು ಕಪಾಟಿನಲ್ಲಿ ಬಚ್ಚಿಟ್ಟಿದ್ದೆ. ಕೊನೆಗೆ ಕಳಿಸಿದೆ. ಉತ್ತರ ಬರುವವರೆಗೆ ಅಂಚೆಯವನ ಹೆಜ್ಜೆ ಸಪ್ಪಳಕ್ಕೇ ಎದೆ ಡವಡವ. ಏನೂ ಇಲ್ಲವಂತೆ. ಅವತ್ತು ರಾತ್ರಿ ಒಬ್ಬಳೇ ಕೂತು ಕೇಸರಿಬಾತ್ ತಿಂದೆ.

ತಿನ್ನಬಾರದಿತ್ತು. ಯಾಕೆ ಅಂದರೆ ಸಕ್ಕರೆ ಕಾಯಿಲೆಯವರಿಗೆ ಈ ಭುಜದ ಕಾಟ ಜಾಸ್ತಿ ಅಂತ ರಕ್ತ ಪರೀಕ್ಷೆ ಮಾಡಿಸಿದ್ದರು. ಎಚ್‌ಬಿಎ1ಸಿ ಅನ್ನೋ ಸಕ್ಕರೆ ಪರೀಕ್ಷೆಯಲ್ಲಿ 44 ಬಂತು. ನಿಮ್ಮ ಊರಿನ ಲೆಕ್ಕದಲ್ಲಿ ಶೇಕಡಾ 6.2. ಕಾಯಿಲೆ ಅಲ್ಲ, ಹೊಸ್ತಿಲ ಮೇಲೆ ನಿಂತಿದ್ದೇನೆ. "ಮನೆಯಲ್ಲಿ ಯಾರಿಗಾದರೂ ಇದೆಯಾ?" ಅಂತ ಡಾಕ್ಟರು ಕೇಳಿದರು. ಅಕ್ಕನಿಗಿದೆ ಅಂದೆ. "ಎಷ್ಟಿದೆ?" ಅಂದರು. ನನಗೆ ಗೊತ್ತಿರಲಿಲ್ಲ ಅಕ್ಕ. ನೀನು ಯಾವತ್ತು ಹೇಳಿದ್ದೀಯ?

ಮೂರು ದಿನ ಸಿಹಿ ಬಿಟ್ಟು, ರಾತ್ರಿ ಬರೀ ಉಪ್ಪಿಟ್ಟು ತಿಂದು ಫಾಸ್ಟಿಂಗ್ ಮಾಡಿಸಿಕೊಂಡು ಬರುತ್ತೀಯ ಅಂತ ಭಾವ ಬಾಯಿ ಬಿಟ್ಟಿದ್ದಾರೆ. ಈ ಎಚ್‌ಬಿಎ1ಸಿ ಮುಂದೆ ಆ ಆಟ ನಡೆಯಲ್ಲ, ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ. ಸಂಕ್ರಾಂತಿ ಸಕ್ಕರೆ ಅಚ್ಚೂ ಲೆಕ್ಕಕ್ಕೆ ಬರುತ್ತದೆ. ಒಂದು ಸಲ ಮಾಡಿಸಿ ನಂಬರ್ ಬರೆದು ಕಳಿಸು. ಹಾಗೇ ಸಕ್ಕರೆಗೆ ಅಂತ ಕಣ್ಣೂ ತೋರಿಸಿಕೊಂಡು ಬಾ. ಬರೀ ಚಾಳೀಸಿನ ನಂಬರ್ ಅಲ್ಲ, ಕಣ್ಣಿಗೆ ಡ್ರಾಪ್ಸ್ ಹಾಕಿ ಒಳಗೆ ನೋಡುತ್ತಾರಲ್ಲ, ಅದು.

ಮೇ ತಿಂಗಳ ಮದುವೆಗೆ ನನ್ನ ರವಿಕೆ ಹೊಲಿಯಲು ಕೊಡುತ್ತೇನೆ ಅಂತ ನೀನು ಅಂದಿದ್ದೆಯಲ್ಲ. ಹಿಂದೆ ಹುಕ್ಕು ಬೇಡ, ಮುಂದೆ ಇಡಲು ಹೇಳು. ತೋಳು ಸ್ವಲ್ಪ ಸಡಿಲ ಇರಲಿ. ಮದುವೆ ದಿನ ಜಡೆ ನೀನೇ ಹಾಕಬೇಕು.

ನಿನ್ನ ತಂಗಿ