ಅಕ್ಷರದ ಪುಟಕ್ಕೆ ಸುದ್ದಿ ತಂದುಕೊಟ್ಟವರಿಗೆ

ಶಿರಸಿಯ ನಮ್ಮ ಕೇಬಲ್ ಕಂಟ್ರೋಲ್ ರೂಮ್ ಕಳೆದ ತಿಂಗಳು ಬಾಗಿಲು ಹಾಕಿತು. ಮನೆಮನೆಗೆ ಫೈಬರ್ ಬಂದ ಮೇಲೆ ಇದು ಆಗುವುದೇ ಇತ್ತು. ಮಾಲೀಕರು ಯಾರ ಸಂಬಳವನ್ನೂ ಬಾಕಿ ಇಡದೆ, ಎಲ್ಲರನ್ನೂ ಕರೆದು ಊಟ ಹಾಕಿ ಮುಚ್ಚಿದರು; ಈಗಿನ ಕಾಲಕ್ಕೆ ಅದು ಸಣ್ಣ ಮಾತಲ್ಲ. ಅಲ್ಲಿ ಅಕ್ಷರದ ಪುಟ ಬರೆಯುತ್ತಿದ್ದವಳು ನಾನು. ಸಂಜೆಯ ಹಾಡುಗಳು ಮುಗಿದ ಮೇಲೆ ನೀಲಿ ಪರದೆಯ ಮೇಲೆ ಅಡಿಕೆ ಧಾರಣೆ, ವಿದ್ಯುತ್ ನಿಲುಗಡೆ, ಕಳೆದುಹೋದ ಎಮ್ಮೆ, ವೈಕುಂಠ ಸಮಾರಾಧನೆಯ ಕರೆ ಎಲ್ಲ ಒಂದರ ಹಿಂದೆ ಒಂದು ಬರುತ್ತಿದ್ದವಲ್ಲ, ಅದು. ಬೀಳ್ಕೊಡುಗೆಯಲ್ಲಿ ಕೈಗೆ ಮೈಕ್ ಕೊಟ್ಟರು, ನನಗೆ ಗಂಟಲು ಕಟ್ಟಿತು. ಆ ದಿನ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದಕ್ಕೆಲ್ಲ ಮೂಲ ಮಾಲೀಕರ ಭಾವ, ಕಾರವಾರದವರು. ನಾವೂ ಅವರನ್ನು ಭಾವ ಎಂದೇ ಕರೆದೆವು. ಹಡಗಿನಲ್ಲಿ ಕೆಲಸಕ್ಕಿದ್ದ ಅವರು ಬ್ರಿಟನ್ನಿನ ಬಂದರುಗಳಲ್ಲಿ ಇಳಿದಾಗ ಸೀಫ್ಯಾಕ್ಸ್ ನೋಡಿದ್ದರು. ಬಿಬಿಸಿ 1974ರಲ್ಲಿ ಆರಂಭಿಸಿ 2012ರವರೆಗೆ ನಡೆಸಿದ ಟೆಲಿಟೆಕ್ಸ್ಟ್, ಅಂದರೆ ಟಿವಿ ಪರದೆಯಲ್ಲೇ ಓದುವ ಅಕ್ಷರದ ಪುಟಗಳ ಸೇವೆ ಅದು. ರಿಮೋಟಿನಲ್ಲಿ 100 ಒತ್ತಿದರೆ ಪರಿವಿಡಿ, 302ಕ್ಕೆ ಫುಟ್‌ಬಾಲ್, ಕಿವಿ ಕೇಳದವರು 888 ಒತ್ತಿದರೆ ಕಾರ್ಯಕ್ರಮದ ಮಾತುಗಳೇ ಅಕ್ಷರವಾಗಿ ಕೆಳಗೆ ಮೂಡುತ್ತಿದ್ದವು. ಭಾವ ಇದನ್ನು ವರ್ಣಿಸುವಾಗ ನಾವು ಅರ್ಧ ನಂಬಿ ಅರ್ಧ ನಕ್ಕೆವು. 625 ಗೆರೆಗಳ ಚಿತ್ರದಲ್ಲಿ ಕಣ್ಣಿಗೆ ಕಾಣದ ಕೆಲವು ಖಾಲಿ ಗೆರೆಗಳಿರುತ್ತವೆ, ಪುಟಗಳನ್ನು ಆ ಗೆರೆಗಳಲ್ಲಿ ತುಂಬಿ ಒಂದಾದ ಮೇಲೊಂದರಂತೆ ಸುತ್ತು ಬಿಡುತ್ತಾರೆ, ನೀವು ಕೇಳಿದ ಪುಟ ಬಂದಾಗ ಟಿವಿ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಪಂಕ್ತಿಯಲ್ಲಿ ಕುಳಿತವರು ತಮಗೆ ಬೇಕಾದ ಪಾತ್ರೆ ಮತ್ತೆ ಸುತ್ತಿ ಬರುವ ತನಕ ಕಾಯುವುದಿಲ್ಲವೇ, ಹಾಗೆ. ದೂರದರ್ಶನವೂ 1985ರಲ್ಲಿ ದೆಹಲಿಯಲ್ಲಿ ಇಂಟೆಕ್ಸ್ಟ್ ಎಂಬ ಹೆಸರಿನಿಂದ ಇಂಥದ್ದನ್ನು ಆರಂಭಿಸಿತ್ತು. ಘಟ್ಟದ ಮೇಲಿನ ನಮಗೆ ಅದರ ಗಾಳಿಯೂ ಸೋಕಿರಲಿಲ್ಲ.

ಆ ಗುಂಡಿ ಮಾತ್ರ ನಮ್ಮ ಜಿಲ್ಲೆಗೆ ಮೊದಲೇ ಬಂದಿತ್ತು. ಭಟ್ಕಳ, ಹೊನ್ನಾವರದ ಕಡೆ ಗಲ್ಫ್‌ನಿಂದ ತಂದ ಟಿವಿಗಳ ರಿಮೋಟಿನಲ್ಲಿ ಟೆಲಿಟೆಕ್ಸ್ಟ್ ಗುಂಡಿ ಇರುತ್ತಿತ್ತು. ಒತ್ತಿದರೆ ಮೂಲೆಯಲ್ಲಿ 100 ಎಂಬ ಅಂಕಿ ಬಿಟ್ಟು ಬೇರೇನೂ ಬಾರದು. ಹೊಸ ಟಿವಿ ಕೆಟ್ಟಿದೆ ಎಂದು ತಲೆಯ ಮೇಲೆ ಹೊತ್ತು ರಿಪೇರಿಗೆ ತಂದವರಿದ್ದರು ಎಂದು ನಮ್ಮ ತಂತ್ರಜ್ಞ ಹೇಳಿ ನಗಿಸುತ್ತಿದ್ದ. ಟಿವಿ ಸರಿಯಾಗಿಯೇ ಇತ್ತು, ಪುಟ ಕಳಿಸುವವರು ಇರಲಿಲ್ಲ. ಹಾಗಾದರೆ ನಾವೇ ಕಳಿಸೋಣ ಎಂದದ್ದು ಭಾವ.

ಕಳಿಸಿದ್ದಾದರೂ ಹೇಗೆ? ಶಾಲೆಯ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಎದುರಿಗೆ ಮದುವೆ ಶೂಟಿಂಗಿನ ಕ್ಯಾಮೆರಾ ಇಟ್ಟು! ಒರೆಸಿ ಮತ್ತೆ ಬರೆಯುವ ನನ್ನ ಕೈಯೂ ಬಳೆಯೂ ಊರಿಗೆಲ್ಲ ಕಾಣುತ್ತಿತ್ತು. ಪೇಟೆಯಲ್ಲಿ ಕೆಲವರು ನನ್ನನ್ನು ಬಳೆಯಿಂದಲೇ ಗುರುತು ಹಿಡಿದರು. ಆಮೇಲೆ ಕಂಪ್ಯೂಟರ್ ಬಂತು, ಕನ್ನಡ ಬರಲಿಲ್ಲ. 1998ರಲ್ಲಿ ಬರಹ ತಂತ್ರಾಂಶವನ್ನು ಉಚಿತವಾಗಿ ಹಂಚಿದ ಶೇಷಾದ್ರಿವಾಸು ಅವರಿಗೆ ನಮ್ಮಂಥ ಸಣ್ಣ ಊರಿನ ಕೇಬಲ್‌ನವರ ಋಣ ಎಷ್ಟಿದೆ ಎಂಬುದು ಗೊತ್ತಿದೆಯೋ ಇಲ್ಲವೋ. ಈ ಮೂಲಕ ಅವರಿಗೂ ನಮಸ್ಕಾರ.

ಕನ್ನಡವನ್ನು ಹಳೆಯ ಟಿವಿಯ ಮೇಲೆ ಕೂರಿಸುವುದು ಬೇರೆಯದೇ ವಿದ್ಯೆ. ಸೀಫ್ಯಾಕ್ಸ್ ಪುಟದಲ್ಲಿ ಸಾಲಿಗೆ 40 ಅಕ್ಷರ, ಪುಟಕ್ಕೆ 24 ಸಾಲು. ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿಗೆ ಕಾಲು ಚಾಚುವುದರಿಂದ ಅದರ ಅರ್ಧದಷ್ಟು ಸಾಲೂ ಹಿಡಿಯುತ್ತಿರಲಿಲ್ಲ. ತೆಳ್ಳಗಿನ ಅಡ್ಡಗೆರೆ ಪರದೆಯ ಮೇಲೆ ನಡುಗುತ್ತದೆ, ಕೆಂಪು ಬಣ್ಣ ಅಂಚಿಗೆ ಹರಡುತ್ತದೆ, ಬದಿಗೆ ಬರೆದದ್ದನ್ನು ಟಿವಿಯ ಚೌಕಟ್ಟು ನುಂಗುತ್ತದೆ. ಆದ್ದರಿಂದ ದಪ್ಪ ಅಕ್ಷರ, ನೀಲಿಯ ಮೇಲೆ ಹಳದಿ, ನಾಲ್ಕೂ ಕಡೆ ಧಾರಾಳ ಜಾಗ. ಇದನ್ನು ನನಗೆ ಯಾವ ತರಬೇತಿಯೂ ಕಲಿಸಲಿಲ್ಲ. ಕೆಳಗಿನ ಚಹಾದಂಗಡಿಯವರು ತಮ್ಮ ಟಿವಿಯಲ್ಲಿ ಅಡಿಕೆ ಧಾರಣೆಯ ಪುಟ ನೋಡಿ, ಲೋಟ ತೊಳೆಯುತ್ತಲೇ "ತಂಗೀ, ಬೆಟ್ಟೆಯ ಒತ್ತು ಕಾಣುವುದಿಲ್ಲ" ಎಂದು ಕೂಗಿ ಕಲಿಸಿದರು. ಅವರ ಚಹಾಕ್ಕೂ ಕಣ್ಣಿಗೂ ನಾನು ಋಣಿ.

ಧಾರಣೆ ಬರುತ್ತಿದ್ದುದು ಮಾರುಕಟ್ಟೆ ಅಂಗಳದಿಂದ. ಟೆಂಡರ್ ಮುಗಿದೊಡನೆ ಅಲ್ಲಿಯ ಗುಮಾಸ್ತರೊಬ್ಬರು ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು ಎಂದು ಬಗೆಬಗೆಯ ಅಡಿಕೆಯ ದರ ಬರೆದ ಚೀಟಿಯನ್ನು ಸೈಕಲ್ಲಿನಲ್ಲಿ ತಂದು ಕೊಡುತ್ತಿದ್ದರು. ಮಳೆಗಾಲದಲ್ಲಿ ಅದನ್ನು ಟೋಪಿಯೊಳಗೆ ಇಟ್ಟುಕೊಂಡು ಬರುತ್ತಿದ್ದರು, ಕನಿಷ್ಠ, ಗರಿಷ್ಠ ಎರಡೂ ಸ್ಪಷ್ಟವಾಗಿರುತ್ತಿದ್ದವು. ಇದು ಅವರ ಕೆಲಸವಾಗಿರಲಿಲ್ಲ, ಇದಕ್ಕೆ ಅವರು ಬಿಡಿಗಾಸೂ ಮುಟ್ಟಲಿಲ್ಲ. ಯಾವ ತೋಟದವರು ಅಡಿಕೆ ಬಿಡಬೇಕು, ಯಾರು ಇನ್ನೊಂದು ವಾರ ತಡೆಯಬೇಕು ಎಂಬುದು ಎಷ್ಟೋ ಮನೆಗಳಲ್ಲಿ ಅವರ ಚೀಟಿಯಿಂದ ನಿರ್ಧಾರವಾಗುತ್ತಿತ್ತು. ಇಂದು ಅವರಿಲ್ಲ. ಅವರ ಮನೆಯವರು ಇದನ್ನು ಓದಬೇಕೆಂದು ನನ್ನ ಆಸೆ.

ಆಗಿನ್ನೂ ಕೆಇಬಿ ಎನ್ನುತ್ತಿದ್ದ ಕಾಲದಿಂದ ಹೆಸ್ಕಾಂ ಆಗುವವರೆಗೂ ಲೈನ್‌ಮನ್‌ಗಳು ನಾಳೆಯ ನಿಲುಗಡೆಯನ್ನು ಇಂದೇ ತಿಳಿಸಿದರು. ಕರೆಂಟು ಹೋದ ಮೇಲೆ ಟಿವಿಯಲ್ಲಿ ಹಾಕಿದರೆ ಯಾರು ಓದುತ್ತಾರೆ? ಸಿಡಿಲಿಗೆ ಆಂಪ್ಲಿಫೈಯರ್ ಸುಟ್ಟಾಗ ತೆಂಗಿನಮರ ಹತ್ತಿ ತಂತಿ ಬಿಗಿದ ನಮ್ಮ ಹುಡುಗರಿಗಂತೂ ಊರು ಒಮ್ಮೆಯೂ ಥ್ಯಾಂಕ್ಸ್ ಹೇಳಲಿಲ್ಲ, ಬೈದದ್ದೇ ಹೆಚ್ಚು.

ಕೊನೆಗಾಲದಲ್ಲಿ ನಮ್ಮ ಪುಟ ಯಾರಿಗೆ ಬೇಕು ಎನ್ನಿಸುತ್ತಿತ್ತು, ನಿಜ. ಆದರೆ 2024ರ ಜುಲೈ 16ರಂದು ಅಂಕೋಲೆಯ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿದಾಗ ಮೊಬೈಲ್ ತುಂಬ ಗಾಳಿಮಾತು ಓಡಾಡಿತು. ಯಾವ ದಾರಿ ತೆರೆದಿದೆ, ಬಸ್ ಎಲ್ಲಿಯವರೆಗೆ ಹೋಗುತ್ತದೆ ಎಂದು ನಮಗೆ ಫೋನ್ ಮಾಡಿ ಕೇಳಿದವರು ಬಹಳ ಜನ. ಡಿಪೊದವರು, ಟ್ರಕ್ ಚಾಲಕರು ಖಾತ್ರಿಪಡಿಸಿದ್ದನ್ನಷ್ಟೇ ಪುಟಕ್ಕೆ ಹಾಕಿದೆ. ಆಗ ನನ್ನ ಫೋನನ್ನು ಸರಿರಾತ್ರಿಯಲ್ಲೂ ಎತ್ತಿದ ಎಲ್ಲರಿಗೂ ಕೈಮುಗಿಯುತ್ತೇನೆ.

ಭಾವ ಈಗ ಕಾರವಾರದಲ್ಲಿ ನಿವೃತ್ತರು. ಕಂಟ್ರೋಲ್ ರೂಮ್ ಮುಚ್ಚಿದ್ದು ಕೇಳಿ, ಸೀಫ್ಯಾಕ್ಸೇ ಹೋಯಿತು, ನಿಮ್ಮದೇನು ಮಹಾ ಎಂದರು.

ಇನ್ನೊಂದು ಮಾತು. ಹಳೆಯ ಸಂಪರ್ಕಕ್ಕೆ ಠೇವಣಿ ಕಟ್ಟಿದವರು ರಸೀದಿ ಇದ್ದರೆ ಮಾಲೀಕರ ಮನೆಗೆ ಹೋಗಿ ಹಣ ಪಡೆದುಕೊಳ್ಳಿ. ರಸೀದಿ ಕಳೆದಿದ್ದರೂ ಹೋಗಿ, ಲೆಕ್ಕದ ಪುಸ್ತಕ ನನ್ನ ಕೈಬರಹದಲ್ಲಿಯೇ ಇದೆ.