ಕವಳಿ ಅಂತ ಡುರಾಂಟ ಕಳಿಸಿದ ನರ್ಸರಿಗೆ ದೂರು

ಇವರಿಗೆ,
ಗ್ರಾಹಕರ ದೂರು ವಿಭಾಗದ ಅಧಿಕಾರಿಗಳು

ವಿಷಯ: ತಿನ್ನುವ ಹಣ್ಣಿನ ಗಿಡದ ಹೆಸರಲ್ಲಿ ವಿಷದ ಹಣ್ಣಿನ ಗಿಡ ಮಾರಿರುವ ಬಗ್ಗೆ

ಮಾನ್ಯರೇ,

ಬೇಲಿಗೆಂದು ನಿಮ್ಮಿಂದ ತರಿಸಿದ ಕವಳಿ (ಕರಂಡೆ) ಗಿಡಗಳು ಈಗ ಹೂಬಿಟ್ಟಿವೆ. ಜೋತುಬಿದ್ದ ಗೊಂಚಲು, ನೇರಳೆ ಹೂವು. ಕವಳಿ ಹೂವು ಬಿಳಿ. ಐದೆಸಳು, ಮಲ್ಲಿಗೆಯಂಥ ಘಮ. ಶಿರಸಿ ಕಡೆಯ ಬೆಟ್ಟ, ಬ್ಯಾಣ ಓಡಾಡಿದ ಯಾರನ್ನು ಕೇಳಿದರೂ ಹೇಳುತ್ತಾರೆ. ನೀವು ಕಳಿಸಿದ್ದು ಡುರಾಂಟ, ಅಂದಕ್ಕೆ ಬೆಳೆಸುವ ಬೇಲಿ ಗಿಡ.

ಕವಳಿ ಎಲೆ ಚಿವುಟಿದರೆ ಬಿಳಿ ಹಾಲು ಒಸರುತ್ತದೆ, ಬೆರಳಿಗೆ ಅಂಟುತ್ತದೆ. ನೀವು ಕಳಿಸಿದ ಗಿಡದ ಎಲೆ, ಎಳೆ ಕೊಂಬೆ ಎಲ್ಲಾ ಮುರಿದು ನೋಡಿದೆ. ಒಂದು ಹನಿಯೂ ಇಲ್ಲ. ವಿಡಿಯೋ ನಿಮಗೆ ಕಳಿಸಿದ್ದೇನೆ.

ಎಷ್ಟೋ ಸಲ ಫೋನ್ ಮಾಡಿದ ಮೇಲೆ ನಿಮ್ಮ ಹುಡುಗ ಸಿಕ್ಕಿದ. "ಗಿಡಕ್ಕೆ ಮುಳ್ಳಿದೆಯಾ ಆಂಟಿ?" ಅಂದ. ಇದೆ ಅಂದೆ. "ಕವಳಿಗೂ ಮುಳ್ಳೇ ಅಲ್ವಾ? ಮತ್ತೇನು ತೊಂದರೆ?" ಹಾಲು ಬರಲ್ಲ ಅಂದೆ. "ಗಿಡ ಚಿಕ್ಕದು, ದೊಡ್ಡದಾದ ಮೇಲೆ ಬರತ್ತೆ" ಅಂದ. ಹೂವಿನ ಬಣ್ಣ ಹೇಳಿದೆ. "ನೀವು ಬಾಟನಿ ಓದಿದೀರಾ?" ಅಂತ ಕೇಳಿದ. ಪಕ್ಕದಲ್ಲಿದ್ದವರು ನಕ್ಕಿದ್ದು ನನಗೆ ಕೇಳಿಸಿತು. ಕೊನೆಗೆ, "ಮನೇಲಿ ಗಂಡಸರಿದ್ರೆ ಫೋನ್ ಕೊಡಿ" ಅಂದುಬಿಟ್ಟ. ಕವಳಿಕಾಯಿ ಕೊಯ್ದು ಉಪ್ಪಿನಕಾಯಿ ಹಾಕುತ್ತಲೇ ಬೆಳೆದವಳು ನಾನು. ಆ ಮಾತಿಗೆ ಕೈ ನಡುಗಿತು.

ಬದಲಿ ಕೊಡುವ ಅವಧಿ ಮುಗಿದಿದೆ ಅಂತಲೂ ಹೇಳಿದ. ನಿಮ್ಮ ಬಿಲ್ಲಿನ ಹಿಂದೆ ಏನಿದೆ? ಬೇರೆ ಗಿಡ ಬಂದಿದ್ದರೆ ಅವಧಿ ಲೆಕ್ಕಕ್ಕಿಲ್ಲ ಅಂತ ನೀವೇ ಅಚ್ಚು ಹಾಕಿಸಿದ್ದೀರಿ. ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ, ತಿಂಗಳೊಳಗೆ ಪರಿಹಾರ ಕೊಡಬೇಕು ಅಂತ 2020ರ ಇ-ಕಾಮರ್ಸ್ ನಿಯಮವೂ ಇದೆ. ಆನ್‌ಲೈನಲ್ಲಿ ಮಾರುವ ನಿಮಗೆ ಇದು ಗೊತ್ತಿರಲೇಬೇಕು.

ದುಡ್ಡಿನ ಮಾತು ಹಾಗಿರಲಿ. ಡುರಾಂಟಕ್ಕೆ ಬಿಡುವ ಹಳದಿ ಹಣ್ಣು ವಿಷ. ನಮ್ಮನೆ ಮಕ್ಕಳಿಗೆ ಬೇಲಿಯ ಕವಳಿ ಹಣ್ಣು ಕೊಯ್ದು ಬಾಯಿಗೆ ಹಾಕಿಕೊಳ್ಳುವುದು ಅಭ್ಯಾಸ. ನಾನು ಹೂವು ನೋಡಿಯೇ ಗುರುತು ಹಿಡಿದೆ. ಕವಳಿಯನ್ನೇ ನೋಡದ ಊರಿನವರು ನಿಮ್ಮ ಚೀಟಿ ನಂಬಿ ಹಣ್ಣು ತಿಂದರೆ?

ಅದಕ್ಕೇ ನನ್ನ ದುಡ್ಡು ವಾಪಸ್ ಹಾಕಿ ಸುಮ್ಮನಾಗಿಸಬಹುದು ಅಂದುಕೊಳ್ಳಬೇಡಿ. ಕವಳಿ ಹೆಸರಲ್ಲಿ ಈ ಗಿಡ ಕೊಂಡ ಪ್ರತಿಯೊಬ್ಬರಿಗೂ ನೀವು ತಿಳಿಸಬೇಕು. ತಿಳಿಸಿದ ಪತ್ರದ ಪ್ರತಿ ನನಗೆ ಬರಬೇಕು. ಬರದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ನೀವು ಯಾವ ಊರಲ್ಲೇ ಇರಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಆ ಫೋನ್ ಕರೆಯ ರೆಕಾರ್ಡಿಂಗ್ ನನ್ನ ಹತ್ತಿರ ಇದೆ. ಅದನ್ನೂ ಅಲ್ಲಿ ಕೇಳಿಸುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ
ಶಿರಸಿ ತಾಲ್ಲೂಕು